ಮಾದರಿಯನ್ನು ಅರಿಯುವ ತಂತ್ರಾಂಶ: ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಸಮೀಕ್ಷೆಗಳನ್ನು ಕುರಿತು ಒಂದು ಟಿಪ್ಪಣಿ

ಉಡುಪಿ ಜಿಲ್ಲೆಯ ಉತ್ತರದ ಮೂರು ತಾಲ್ಲೂಕುಗಳಲ್ಲಿ ಮನೆಮನೆ ಸಮೀಕ್ಷೆಗೆ ಹೊರಡುವ ವಿದ್ಯಾರ್ಥಿಗಳು ಮಾರ್ಗದರ್ಶಕರನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಸ್‌ಪಿಎಸ್‌ಎಸ್ ತಂತ್ರಾಂಶ ಎಲ್ಲಿ ಸಿಗುತ್ತದೆ? ಯಾವ ಮನೆಗಳನ್ನು ಹೇಗೆ ಆರಿಸಿದ್ದೀರಿ ಎಂಬ ಪ್ರಶ್ನೆ ಬರುವುದು ಆಮೇಲೆ, ಕೆಲವೊಮ್ಮೆ ಬರುವುದೇ ಇಲ್ಲ. ಈ ಕ್ರಮ ತಲೆಕೆಳಗಾಗಿದೆ ಎಂಬುದು ಈ ಟಿಪ್ಪಣಿಯ ವಾದ. ಮನೆಗಳನ್ನು ಆರಿಸಿದ ರೀತಿಯೇ ತಂತ್ರಾಂಶವನ್ನು ನಿರ್ಧರಿಸಬೇಕು. ಆರಿಸಿದ ರೀತಿಯನ್ನು ಕೇಳಿಸಿಕೊಳ್ಳದ ತಂತ್ರಾಂಶ ಎಷ್ಟೇ ಹೆಸರುವಾಸಿಯಾಗಿದ್ದರೂ ಅದು ಕೊಡುವ ಉತ್ತರವನ್ನು ನಂಬುವಂತಿಲ್ಲ.

ಮೊದಲ ತೊಡಕು ಲೆಕ್ಕಕ್ಕೆ ಕೂರುವ ಮುಂಚೆಯೇ ಎದುರಾಗುತ್ತದೆ. 2011ರ ಜನಗಣತಿಯಲ್ಲಿ ಬೈಂದೂರು ತಾಲ್ಲೂಕೂ ಇಲ್ಲ, ಬ್ರಹ್ಮಾವರ ತಾಲ್ಲೂಕೂ ಇಲ್ಲ. ಆಗ ಜಿಲ್ಲೆಯಲ್ಲಿದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲ್ಲೂಕುಗಳು. 2017ರ ಮಾರ್ಚ್ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಘೋಷಿಸಿದ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಈ ಎರಡೂ ಸೇರಿದವು. ಬೈಂದೂರು ಹಳೆಯ ಕುಂದಾಪುರದಿಂದ, ಬ್ರಹ್ಮಾವರ ಹಳೆಯ ಉಡುಪಿಯಿಂದ ಬೇರ್ಪಟ್ಟವು. ಜನಗಣತಿಯ ಕೋಷ್ಟಕದಲ್ಲಿ ಕಾಣುವ 'ಕುಂದಾಪುರ ತಾಲ್ಲೂಕು' ಇಂದಿನ ಕುಂದಾಪುರವಲ್ಲ, ಅದರೊಳಗೆ ಕೊಲ್ಲೂರು, ಜಡ್ಕಲ್, ಶಿರೂರು, ಉಪ್ಪುಂದಗಳೆಲ್ಲ ಇವೆ. ಕೋಟ, ಬಾರ್ಕೂರು, ಮಂದಾರ್ತಿಗಳು ಉಡುಪಿಯ ಲೆಕ್ಕದಲ್ಲಿ ಕೂತಿವೆ. ಇವತ್ತಿನ ಮೂರು ತಾಲ್ಲೂಕುಗಳಿಗೆ ಮನೆಗಳ ಸಂಖ್ಯೆಯೋ ಜನಸಂಖ್ಯೆಯೋ ಬೇಕಿದ್ದರೆ ಗ್ರಾಮವಾರು ಅಂಕಿಗಳನ್ನು ತೆಗೆದು ಹೊಸದಾಗಿ ಕೂಡಿಸಬೇಕು. ಕೂಡಿಸುವಾಗ ಗ್ರಾಮದ ಹೆಸರನ್ನು ನೆಚ್ಚದೆ ಆರಂಕಿಯ ಗ್ರಾಮಸಂಕೇತವನ್ನು ಹಿಡಿಯಬೇಕು. ಹೆಸರಿನ ಕಾಗುಣಿತ ಒಂದೊಂದು ಕಚೇರಿಯಲ್ಲಿ ಒಂದೊಂದು ಥರ. ಎರಡು ಕೋಷ್ಟಕಗಳನ್ನು ಸಂಕೇತದ ಮೇಲೆ ಜೋಡಿಸಿ, ಯಾವ ಗ್ರಾಮ ಜೋಡಿಯಾಗದೆ ಉಳಿಯಿತು ಎಂದು ತೋರಿಸುವುದು ತಂತ್ರಾಂಶಕ್ಕೆ ಒಡ್ಡಬೇಕಾದ ಮೊದಲ ಪರೀಕ್ಷೆ. ಎಕ್ಸೆಲ್‌ನಲ್ಲೂ ಇದನ್ನು ಮಾಡಬಹುದು. ಆದರೆ ಹೇಗೆ ಮಾಡಿದೆವು ಎಂಬುದು ಆರು ತಿಂಗಳ ಮೇಲೆ ಮಾಡಿದವರಿಗೇ ನೆನಪಿರುವುದಿಲ್ಲ.

ಇನ್ನು ನೆಲದ ಸ್ವರೂಪ. ಗಂಗೊಳ್ಳಿ, ಮರವಂತೆ, ಕೋಡಿಗಳ ಕಡಲ ಪಟ್ಟಿ; ರಾಷ್ಟ್ರೀಯ ಹೆದ್ದಾರಿಯ ಮೂಡು ಬದಿಯ ಗದ್ದೆ-ತೋಟಗಳ ನಡುನಾಡು; ಅಮಾಸೆಬೈಲು, ಹೊಸಂಗಡಿ, ಜಡ್ಕಲ್, ಮುದೂರುಗಳ ಘಟ್ಟದ ಬುಡ. ಆದಾಯ, ಕಸುಬು, ಮಾತು, ಮೊಬೈಲ್ ಸಿಗ್ನಲ್ ಎಲ್ಲವೂ ಈ ಮೂರು ಪಟ್ಟಿಗಳಲ್ಲಿ ಬೇರೆಬೇರೆ. ಕಡಲ ಬದಿಯಲ್ಲಿ ಮನೆಗಳು ಒತ್ತಾಗಿವೆ, ಘಟ್ಟದ ಬುಡದಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ತೋಡು ದಾಟಬೇಕು. ಮೂರೂ ತಾಲ್ಲೂಕುಗಳ ಮನೆಗಳನ್ನು ಒಂದೇ ಚೀಟಿಯ ರಾಶಿಯಲ್ಲಿ ಹಾಕಿ ಎತ್ತಿದರೆ ಘಟ್ಟದ ಬುಡದಿಂದ ಬೆರಳೆಣಿಕೆಯ ಮನೆಗಳಷ್ಟೇ ಬರುತ್ತವೆ. ಕೊರಗ ಸಮುದಾಯದಂಥ ಚಿಕ್ಕ ಗುಂಪಿನ ಬಗ್ಗೆ ಏನನ್ನಾದರೂ ಹೇಳಬೇಕಿದ್ದರಂತೂ ಅವರ ಪಾಲಿಗಿಂತ ಹೆಚ್ಚು ಮನೆಗಳನ್ನು ಉದ್ದೇಶಪೂರ್ವಕವಾಗಿ ಆರಿಸಲೇಬೇಕು. ಹಾಗಾಗಿ ಇಲ್ಲಿ ವಿವೇಕದಿಂದ ಮಾಡಿದ ಯಾವುದೇ ಸಮೀಕ್ಷೆಯಲ್ಲಿ ಮೂರು ಸಂಗತಿಗಳು ಇದ್ದೇ ಇರುತ್ತವೆ: ಪಟ್ಟಿಗಳಾಗಿ ವಿಂಗಡಿಸಿದ ಸ್ತರಗಳು, ಓಡಾಟದ ಅನುಕೂಲಕ್ಕಾಗಿ ಆರಿಸಿದ ಗ್ರಾಮ ಅಥವಾ ವಾರ್ಡುಗಳ ಗುಚ್ಛಗಳು, ಪ್ರತಿ ಮನೆಗೂ ಅದು ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂದು ಹೇಳುವ ಒಂದು ತೂಕ.

ತೂಕದ ಮಾತನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡಬಹುದು. ಒಟ್ಟು ಮನೆಗಳಲ್ಲಿ ಕಡಲ ಪಟ್ಟಿಯ ಪಾಲು ಶೇ. 50, ನಡುನಾಡಿನದು ಶೇ. 38, ಘಟ್ಟದ ಬುಡದ್ದು ಶೇ. 12 ಎಂದಿರಲಿ. ಪ್ರತಿಯೊಂದರಿಂದಲೂ 200 ಮನೆಗಳನ್ನು ತೆಗೆದುಕೊಂಡೆವು. ಮನೆಯಲ್ಲಿ ಇಂಟರ್ನೆಟ್ ಇದೆ ಎಂದವರು ಕ್ರಮವಾಗಿ ಶೇ. 80, 70, 40. ತೂಕ ಹಾಕದೆ 600 ಮನೆಗಳ ಸರಾಸರಿ ತೆಗೆದರೆ ಶೇ. 63.3 ಬರುತ್ತದೆ, ತೂಕ ಹಾಕಿದರೆ ಶೇ. 71.4. ಮಾಹಿತಿ ಅದೇ, ಪ್ರಶ್ನೆ ಅದೇ, ಎಂಟು ಅಂಶಗಳ ವ್ಯತ್ಯಾಸ. ತೂಕದ ಕಾಲಮ್ಮೇ ಇಲ್ಲದ ಕಡತವನ್ನು ಎಷ್ಟು ದುಬಾರಿ ತಂತ್ರಾಂಶಕ್ಕೆ ಉಣಿಸಿದರೂ ಬರುವುದು ಮೊದಲಿನ ಸಂಖ್ಯೆಯೇ.

ಎಸ್‌ಪಿಎಸ್‌ಎಸ್ ಬಳಸುವವರಲ್ಲಿ ಬಹಳ ಮಂದಿ ಎಡವುವ ಜಾಗ ಇಲ್ಲಿದೆ. 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿ, 2009ರಲ್ಲಿ ಐಬಿಎಂ ಕೈಸೇರಿದ ಈ ತಂತ್ರಾಂಶದ ಮೂಲ ಆವೃತ್ತಿಯಲ್ಲಿ ತೂಕ ಹಾಕುವ ಆಜ್ಞೆ ಇದೆ. ಆದರೆ ಆ ಆಜ್ಞೆ ತೂಕವನ್ನು ಎಣಿಕೆ ಎಂದು ತಿಳಿಯುತ್ತದೆ. ಒಂದು ಮನೆಗೆ 150 ತೂಕ ಕೊಟ್ಟರೆ ಅದೇ ಬಗೆಯ 150 ಮನೆಗಳನ್ನು ನಿಜವಾಗಿಯೂ ಭೇಟಿಯಾಗಿದ್ದೀರಿ ಎಂದು ಅದು ಭಾವಿಸುತ್ತದೆ. 600 ಮನೆಗಳ ಸಮೀಕ್ಷೆ ಲಕ್ಷ ಮನೆಗಳದ್ದಾಗಿ, ಎಲ್ಲ ವ್ಯತ್ಯಾಸಗಳೂ 'ಸಾರ್ಥಕ'ವಾಗಿ ಕಂಡು, ಪ್ರಬಂಧದ ಕೊನೆಯ ಅಧ್ಯಾಯ ಸಂಭ್ರಮದಿಂದ ತುಂಬುತ್ತದೆ. ತೂಕಗಳ ಸರಾಸರಿ 1 ಆಗುವಂತೆ ಇಳಿಸಿಕೊಂಡರೆ ಈ ಅತಿರೇಕ ತಗ್ಗುತ್ತದೆ, ಗುಚ್ಛದ ಸಮಸ್ಯೆ ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೆ ಬೇಕಾದ ಕಾಂಪ್ಲೆಕ್ಸ್ ಸ್ಯಾಂಪಲ್ಸ್ ಎಂಬ ಭಾಗವನ್ನು ಐಬಿಎಂ ಮೂಲ ಆವೃತ್ತಿಯೊಡನೆ ಕೊಡುವುದಿಲ್ಲ, ಬೇರೆಯಾಗಿ ಮಾರುತ್ತದೆ. ಕಾಲೇಜು ಕೊಂಡಿರುವ ಪರವಾನಗಿಯಲ್ಲಿ ಅದು ಸೇರಿದೆಯೇ ಎಂದು ನೋಡಿಕೊಂಡೇ ಮುಂದಡಿ ಇಡಬೇಕು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಕ್ರ್ಯಾಕ್ ಮಾಡಿದ ಪ್ರತಿಗಳ ಬಗ್ಗೆ ಹೇಳುವುದಕ್ಕೇನೂ ಇಲ್ಲ; ಸಂಶೋಧನೆಯ ಪ್ರಾಮಾಣಿಕತೆಯನ್ನು ಪಾಠ ಹೇಳುವ ಕೊಠಡಿಯಲ್ಲಿ ಅವಕ್ಕೆ ಜಾಗವಿಲ್ಲ ಎಂಬುದನ್ನು ಬಿಟ್ಟು.

ಗುಚ್ಛದ ಸಮಸ್ಯೆ ಏನು? ಒಂದೇ ವಾರ್ಡಿನ ಇಪ್ಪತ್ತು ಮನೆಗಳು ಒಂದನ್ನೊಂದು ಹೋಲುತ್ತವೆ. ಗಂಗೊಳ್ಳಿ ಬಂದರಿನ ಬಳಿಯ ಇಪ್ಪತ್ತು ಮನೆಗಳಲ್ಲಿ ಕಸುಬು ವಿಚಾರಿಸಿದರೆ ಮೂರನೆಯ ಮನೆ ಮುಗಿಯುವ ಹೊತ್ತಿಗೆ ನಾಲ್ಕನೆಯದರ ಉತ್ತರ ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಆದ್ದರಿಂದ ಇಪ್ಪತ್ತು ಮನೆಗಳು ಇಪ್ಪತ್ತರಷ್ಟು ಹೊಸ ಮಾಹಿತಿ ಕೊಡುವುದಿಲ್ಲ. ಲೆಸ್ಲಿ ಕಿಶ್ 1965ರ ತಮ್ಮ ಗ್ರಂಥದಲ್ಲಿ ಇದಕ್ಕೆ ವಿನ್ಯಾಸ ಪರಿಣಾಮವೆಂಬ ಅಳತೆಯನ್ನು ನೆಲೆಗೊಳಿಸಿದರು. ಗುಚ್ಛವೊಂದರಲ್ಲಿ ಇರುವ ಮನೆಗಳ ಸಂಖ್ಯೆಯಿಂದ ಒಂದನ್ನು ಕಳೆದು, ಅವುಗಳ ಒಳಹೋಲಿಕೆಯ ಪ್ರಮಾಣದಿಂದ ಗುಣಿಸಿ, ಒಂದನ್ನು ಕೂಡಿಸಿದರೆ ಆಯಿತು. 30 ಗುಚ್ಛಗಳಲ್ಲಿ ತಲಾ 20 ಮನೆ, ಒಳಹೋಲಿಕೆ 0.05 ಎಂದುಕೊಂಡರೆ ವಿನ್ಯಾಸ ಪರಿಣಾಮ 1.95. ಅಂದರೆ 600 ಮನೆಗಳ ಸಮೀಕ್ಷೆಯ ನಿಜವಾದ ಬಲ ಸುಮಾರು 308 ಮನೆಗಳಷ್ಟು. ಶೇ. 50ರ ಅಂದಾಜಿಗೆ ಸಾಮಾನ್ಯ ಸೂತ್ರ ಆಚೀಚೆ 4 ಅಂಶ ಎಂದು ತೋರಿಸಿದರೆ, ಸರಿಯಾದ ಲೆಕ್ಕ ಸುಮಾರು 5.6 ಅಂಶ ಎನ್ನುತ್ತದೆ. 0.05 ಇಲ್ಲಿ ಕೇವಲ ಉದಾಹರಣೆಗೆ ಹಿಡಿದದ್ದು. ಕಸುಬು, ಜಾತಿ, ಕುಡಿಯುವ ನೀರಿನ ಮೂಲಗಳಂಥ ವಿಷಯಗಳಲ್ಲಿ ಒಳಹೋಲಿಕೆ ಇದಕ್ಕಿಂತ ಹೆಚ್ಚಿರುವುದೇ ಸಹಜ.

ಪ್ರಬಂಧಗಳ ಅಚ್ಚುಮೆಚ್ಚಿನ ಕೈವರ್ಗ (ಕೈ-ಸ್ಕ್ವೇರ್) ಪರೀಕ್ಷೆಯೂ ಇದೇ ಹೊಡೆತಕ್ಕೆ ಸಿಗುತ್ತದೆ. ಮನೆಗಳು ಪರಸ್ಪರ ಸ್ವತಂತ್ರ ಎಂಬ ಊಹೆಯ ಮೇಲೆ ಆ ಪರೀಕ್ಷೆ ನಿಂತಿದೆ, ಗುಚ್ಛ ಮಾದರಿಯಲ್ಲಿ ಆ ಊಹೆ ಸುಳ್ಳಾಗುತ್ತದೆ. ಜೆ.ಎನ್.ಕೆ. ರಾವ್ ಮತ್ತು ಅಲಸ್ಟೇರ್ ಸ್ಕಾಟ್ 1980ರ ದಶಕದ ಮೊದಲ ವರ್ಷಗಳಲ್ಲಿ ಇದಕ್ಕೆ ತಿದ್ದುಪಡಿ ಒದಗಿಸಿದರು. ಆರ್ ಭಾಷೆಯ ಸರ್ವೇ ಪ್ಯಾಕೇಜ್‌ನಲ್ಲಿ ಕೈವರ್ಗ ಕೇಳಿದರೆ ಬೇರೇನೂ ಹೇಳದಿದ್ದರೂ ಈ ತಿದ್ದುಪಡಿ ಹಚ್ಚಿದ ಉತ್ತರವೇ ಬರುತ್ತದೆ.

ಆರ್ ಬಗ್ಗೆ ಎರಡು ಮಾತು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರು 1990ರ ದಶಕದಲ್ಲಿ ಕಟ್ಟಿದ ಈ ಭಾಷೆಯ 1.0 ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು. ಥಾಮಸ್ ಲಮ್ಲಿ ಬರೆದ ಸರ್ವೇ ಪ್ಯಾಕೇಜ್ ಅದರ ಮೇಲೆ ಬೆಳೆಯಿತು. ಇದರಲ್ಲಿ ಲೆಕ್ಕ ಶುರುವಾಗುವುದೇ ವಿನ್ಯಾಸದ ಘೋಷಣೆಯಿಂದ: ಸ್ತರ ಯಾವ ಕಾಲಮ್ಮಿನಲ್ಲಿದೆ, ಗುಚ್ಛ ಯಾವುದು, ತೂಕ ಯಾವುದು ಎಂದು ಮೊದಲು ಬರೆದುಕೊಡಬೇಕು. ಸರಾಸರಿ, ಶೇಕಡಾವಾರು, ಕೋಷ್ಟಕ, ಹಿಂಚಲನೆ ಎಲ್ಲವೂ ಆಮೇಲೆ. ಸ್ಟೇಟಾ ತಂತ್ರಾಂಶವೂ ಇದೇ ಶಿಸ್ತಿನದು, ಗುಣದಲ್ಲಿ ಕಡಿಮೆಯಿಲ್ಲ, ಆದರೆ ದುಡ್ಡು ಕೊಡಬೇಕು. ಎರಡರ ಇನ್ನೊಂದು ಗುಣ ನನಗೆ ವಿಶೇಷವಾಗಿ ಹಿಡಿಸುತ್ತದೆ. ಘಟ್ಟದ ಬುಡದ ಸ್ತರದಿಂದ ಒಂದೇ ಒಂದು ಗ್ರಾಮ ಆರಿಸಿದ್ದರೆ ಆ ಸ್ತರದೊಳಗಿನ ಏರುಪೇರನ್ನು ಅಳೆಯುವ ದಾರಿಯೇ ಇಲ್ಲ. ಆಗ ಆರ್ ದೋಷ ಸೂಚಿಸಿ ನಿಲ್ಲುತ್ತದೆ, ಸ್ಟೇಟಾ ಮಾನಕ ದೋಷದ, ಅಂದರೆ ಅಂದಾಜಿನ ಏರುಪೇರಿನ ಅಳತೆಯ, ಜಾಗವನ್ನು ಖಾಲಿ ಬಿಡುತ್ತದೆ. ವಿದ್ಯಾರ್ಥಿಗೆ ಆ ಕ್ಷಣ ಕಿರಿಕಿರಿಯಾಗಬಹುದು. ಆದರೆ ಎರಡನೆಯ ಗ್ರಾಮ ಯಾಕೆ ಬೇಕಿತ್ತು ಎಂಬುದು ಅರ್ಥವಾಗುವುದೂ ಆಗಲೇ.

ಪಿಎಸ್‌ಪಿಪಿ, ಜಾಮೋವಿ, ಜಾಸ್ಪ್‌ಗಳನ್ನು ಉಚಿತವೆಂಬ ಕಾರಣಕ್ಕೆ ಈಗ ಹಲವರು ಸೂಚಿಸುತ್ತಾರೆ. ಪಿಎಸ್‌ಪಿಪಿ ಎಸ್‌ಪಿಎಸ್‌ಎಸ್‌ನ ಕಡತಗಳನ್ನೂ ಆಜ್ಞೆಗಳನ್ನೂ ಓದುತ್ತದೆ. ಜಾಮೋವಿ ನೋಡಲು ಅಂದವಾಗಿದೆ, ತರಗತಿಯಲ್ಲಿ ಸಂಖ್ಯಾಶಾಸ್ತ್ರದ ಮೊದಲ ಪಾಠಕ್ಕೆ ಹೇಳಿಮಾಡಿಸಿದ್ದು. ಸ್ತರ, ಗುಚ್ಛ, ತೂಕ ಮೂರನ್ನೂ ಒಟ್ಟಿಗೆ ಹಿಡಿದು ಮಾನಕ ದೋಷ ತೆಗೆಯಲು ಮಾತ್ರ ಇವು ತಕ್ಕವಲ್ಲ.

ಅಕ್ಷರದ ವಿಷಯವನ್ನು ತಂತ್ರಾಂಶ ಕುರಿತ ಇಂಗ್ಲಿಷ್ ಪುಸ್ತಕಗಳು ಹೆಚ್ಚಾಗಿ ಮುಟ್ಟುವುದಿಲ್ಲ. ಇಲ್ಲಿ ಅದು ಅರ್ಧ ಕೆಲಸ. 'ಮನೆಯಲ್ಲಿ ಆಡುವ ಮಾತು' ಎಂಬ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕುಂದಾಪ್ರ ಕನ್ನಡ, ಕುಂದಗನ್ನಡ, ಕುಂದಾಪುರ ಕನ್ನಡ, ಬರೀ ಕನ್ನಡ ಎಂದು ಒಂದೇ ಮಾತು ನಾಲ್ಕು ಥರ ಬರುತ್ತದೆ. ಬ್ರಹ್ಮಾವರದ ತೆಂಕು ಕಡೆಗೆ ತುಳು, ಮೂರೂ ಕಡೆ ಕೊಂಕಣಿ, ಶಿರೂರಿನ ಕಡೆ ನವಾಯಿತಿ, ಜಡ್ಕಲ್-ಮುದೂರಿನ ರಬ್ಬರ್ ಬೆಳೆಗಾರರ ಮನೆಗಳಲ್ಲಿ ಮಲಯಾಳ. ಇವನ್ನು ಸಂಕೇತಕ್ಕೆ ಇಳಿಸುವ ಮೊದಲು ತಂತ್ರಾಂಶ ಇವನ್ನು ಕೆಡದಂತೆ ಓದಬೇಕು. ಎಸ್‌ಪಿಎಸ್‌ಎಸ್ 16ನೆಯ ಆವೃತ್ತಿಯಿಂದ, ಸ್ಟೇಟಾ 2015ರ 14ನೆಯ ಆವೃತ್ತಿಯಿಂದ ಯುನಿಕೋಡ್ ಓದುತ್ತವೆ. ವಿಂಡೋಸ್‌ನಲ್ಲಿ ಆರ್ ಕನ್ನಡವನ್ನು ನಿರಾತಂಕವಾಗಿ ನಿಭಾಯಿಸತೊಡಗಿದ್ದು 2022ರ 4.2 ಆವೃತ್ತಿಯ ಮೇಲೆ. ಲ್ಯಾಬಿನ ಹಳೆಯ ಗಣಕದಲ್ಲಿ ಹಳೆಯ ಆವೃತ್ತಿ ಇದ್ದರೆ ತೊಂದರೆಗೆ ತಂತ್ರಾಂಶವನ್ನು ದೂರುವ ಮುನ್ನ ಆವೃತ್ತಿಯನ್ನು ನೋಡಬೇಕು. ಹಳೆಯ ನುಡಿ ಅಥವಾ ಬರಹದ ಫಾಂಟ್‌ಗಳಲ್ಲಿ ತುಂಬಿಸಿದ ಮಾಹಿತಿಯನ್ನಂತೂ ಮೊದಲು ಯುನಿಕೋಡ್‌ಗೆ ಪರಿವರ್ತಿಸದೆ ಯಾವುದರೊಳಗೂ ತರುವಂತಿಲ್ಲ.

ಅತಿ ದೊಡ್ಡ ಅಪಾಯ ಎಕ್ಸೆಲ್‌ನಲ್ಲಿದೆ. ಕನ್ನಡವಿರುವ ಕಡತವನ್ನು ಸಾದಾ ಸಿಎಸ್‌ವಿ ಆಗಿ ಉಳಿಸಿದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಆ ಕಡತದಿಂದ ಅವು ಮತ್ತೆ ಬರುವುದಿಲ್ಲ. ಉಳಿಸುವಾಗ ಯುಟಿಎಫ್-8 ಎಂದಿರುವ ಸಿಎಸ್‌ವಿಯನ್ನೇ ಆರಿಸಬೇಕು. ಲಿಬ್ರೆ ಆಫೀಸ್ ಕಡತ ತೆರೆಯುವ ಮೊದಲೇ ಅಕ್ಷರ ಸಂಕೇತ ಯಾವುದೆಂದು ಕೇಳುತ್ತದೆ, ಅದು ಒಳ್ಳೆಯ ಅಭ್ಯಾಸ. ಇನ್ನೊಂದು ಕಣ್ಣಿಗೆ ಕಾಣದ ಕಾಟ. 'ಕೋಟ' ಎಂಬ ಊರಿನ ಓಕಾರವನ್ನು ಯುನಿಕೋಡ್ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಲು ಬಿಡುತ್ತದೆ. ಪರದೆಯ ಮೇಲೆ ಎರಡೂ ಒಂದೇ, ತಂತ್ರಾಂಶದ ಕಣ್ಣಿಗೆ ಬೇರೆಬೇರೆ ಊರು. ಕೀಲಿಮಣೆ ಬೇರೆಯಾದ ಇಬ್ಬರು ತುಂಬಿಸಿದರೆ ಕೋಷ್ಟಕದಲ್ಲಿ ಕೋಟ ಎರಡು ಸಾಲುಗಳಾಗಿ ಬರಬಹುದು. ಆರ್‌ನ ಸ್ಟ್ರಿಂಗೈ ಪ್ಯಾಕೇಜ್‌ನಲ್ಲಿ ಇವನ್ನು ಏಕರೂಪಕ್ಕೆ ತರುವ ಆಜ್ಞೆ ಇದೆ, ಕಡತ ತೆರೆದ ಕೂಡಲೇ ಅದನ್ನು ಓಡಿಸುವುದು ಕ್ಷೇಮ. ವಯಸ್ಸಿನ ಕಾಲಮ್ಮಿನಲ್ಲಿ ಯಾರಾದರೂ ೪೫ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಇಡೀ ಕಾಲಮ್ ಸಂಖ್ಯೆಯ ಬದಲು ಪಠ್ಯವಾಗುತ್ತದೆ. ಜಮೀನನ್ನು ಕೆಲವರು ಸೆಂಟ್ಸ್‌ನಲ್ಲಿ, ಕೆಲವರು ಎಕರೆಯಲ್ಲಿ, ಹಿರಿಯರು ಮುಡಿಯ ಲೆಕ್ಕದಲ್ಲಿ ಹೇಳುತ್ತಾರೆ. ಹೇಳಿದ ಸಂಖ್ಯೆ ಒಂದು ಕಾಲಮ್ಮಿಗೆ, ಅಳತೆಯ ಹೆಸರು ಇನ್ನೊಂದು ಕಾಲಮ್ಮಿಗೆ; ಪರಿವರ್ತನೆ ಆಮೇಲೆ, ಬರೆದಿಟ್ಟ ಆಜ್ಞೆಯ ಮೂಲಕ.

ಮಾಹಿತಿ ಸಂಗ್ರಹಕ್ಕೆ ಓಡಿಕೆ (ODK) ಎಂಬ ಮೊಬೈಲ್ ತಂತ್ರಾಂಶ ಅಥವಾ ಅದರ ಮೇಲೆಯೇ ಕಟ್ಟಿದ ಕೋಬೋ ಟೂಲ್‌ಬಾಕ್ಸ್ ಸಾಕು. ಸಿಗ್ನಲ್ ಇಲ್ಲದ ಕಡೆ ಫೋನಿನಲ್ಲೇ ಉಳಿಸಿಕೊಂಡು ಪೇಟೆಗೆ ಬಂದ ಮೇಲೆ ಕಳಿಸಬಹುದು, ಒಂದೇ ನಮೂನೆಯಲ್ಲಿ ಶಿಷ್ಟ ಕನ್ನಡದ ಪ್ರಶ್ನೆಯನ್ನೂ ಕುಂದಾಪ್ರ ಕನ್ನಡದ ಪ್ರಶ್ನೆಯನ್ನೂ ಇಡಬಹುದು. ಎಚ್ಚರ ಬೇಕಾದದ್ದು ಜಿಪಿಎಸ್ ಗುರುತಿನಲ್ಲಿ. ಕಡಲ ಪಟ್ಟಿಯ ಆಚೆ ಬಹಳಷ್ಟು ಮನೆಗಳು ತಮ್ಮ ಹಿತ್ತಿಲಿನ ನಡುವೆ ಒಂಟಿಯಾಗಿ ನಿಂತಿರುವ ಈ ಸೀಮೆಯಲ್ಲಿ ಅಕ್ಷಾಂಶ-ರೇಖಾಂಶ ಕೊಟ್ಟರೆ ಯಜಮಾನರ ಹೆಸರು ಕೊಟ್ಟಂತೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಾಲದಲ್ಲಿ ಆ ಕಾಲಮ್ಮನ್ನು ತೆಗೆದೇ ಕಡತವನ್ನು ಇತರರಿಗೆ ಕೊಡಬೇಕು.

ಯಾವ ಹೊತ್ತಿಗೆ ಹೋದೆವು ಎಂಬುದೂ ತೂಕಕ್ಕೆ ಸೇರುತ್ತದೆ. ಹಗಲಿನಲ್ಲಿ ಮನೆಗೆ ಹೋದರೆ ಮಾತಿಗೆ ಸಿಗುವವರು ಹೆಚ್ಚಾಗಿ ಹೆಂಗಸರು, ಹಿರಿಯರು. ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಆಗ ದೋಣಿಯವರೂ ಸಿಗುತ್ತಾರೆ, ಮಳೆಯೂ ಅಷ್ಟೇ ಜೋರು. ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವ ಗಂಡಸರು ಮನೆಯ ಸದಸ್ಯರೋ ಅಲ್ಲವೋ ಎಂಬುದನ್ನು ಪ್ರಶ್ನಾವಳಿಯಲ್ಲೇ ತೀರ್ಮಾನಿಸಿರಬೇಕು. 2011ರಲ್ಲಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರಿದ್ದರು ಎಂಬ ಸಂಖ್ಯೆಯ ಹಿಂದೆ ಅವರ ಗೈರುಹಾಜರಿಯೂ ಇದೆ. ಸಿಕ್ಕ ಮಾದರಿಯನ್ನು ಲಿಂಗ, ವಯಸ್ಸು, ತಾಲ್ಲೂಕುಗಳ ತಿಳಿದ ಮೊತ್ತಗಳಿಗೆ ಹೊಂದಿಸುವ ವಿಧಾನ ಸರ್ವೇ ಪ್ಯಾಕೇಜ್‌ನಲ್ಲೇ ಇದೆ. ವಾಟ್ಸಾಪ್ ಗುಂಪುಗಳಲ್ಲಿ ಗೂಗಲ್ ಫಾರ್ಮ್ ಹರಿಬಿಟ್ಟು ಪಡೆದ ಉತ್ತರಗಳನ್ನು ಈ ಹೊಂದಾಣಿಕೆ ಉದ್ಧರಿಸುತ್ತದೆ ಎಂದು ಮಾತ್ರ ಯಾರೂ ಭಾವಿಸಬಾರದು. ಆಯ್ಕೆಯೇ ಇಲ್ಲದ ಕಡೆ ಆಯ್ಕೆಯ ಸಂಭವನೀಯತೆ ಎಲ್ಲಿಂದ ಬರಬೇಕು?

ವಿನ್ಯಾಸ ಮೊದಲು, ಗಣಕ ಆಮೇಲೆ ಎಂಬುದಕ್ಕೆ ಉದಾಹರಣೆ ಈ ಕಡಲಂಚಿನಲ್ಲೇ ಇದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದೇಶದ ಕರಾವಳಿಯ ಮೀನು ಇಳುವರಿಯನ್ನು ದಶಕಗಳಿಂದ ಸ್ತರೀಕೃತ ಬಹುಹಂತದ ಮಾದರಿಯಿಂದ ಅಂದಾಜಿಸುತ್ತಿದೆ. ಜಾಗ ಮತ್ತು ಕಾಲ ಎರಡರಲ್ಲೂ ವಿಂಗಡಣೆ. ಒಂದು ಇಳಿದಾಣದ ಒಂದು ದಿನ ಮೊದಲ ಹಂತದ ಘಟಕ, ಆ ದಿನ ಬಂದ ದೋಣಿಗಳು ಎರಡನೆಯ ಹಂತದವು. ಹದಿನೈದು ದೋಣಿಗಳವರೆಗೆ ಬಂದರೆ ಎಲ್ಲವನ್ನೂ ನೋಡಬೇಕು, ಹೆಚ್ಚಾದರೆ ನಿಗದಿತ ಕ್ರಮದಲ್ಲಿ ಆರಿಸಬೇಕು. ಕಾಗದದ ಮೇಲೆ ಸೂತ್ರ ಗಟ್ಟಿಯಾಗಿದ್ದುದರಿಂದಲೇ ಯಂತ್ರಗಳು ಬದಲಾದರೂ ಅಂದಾಜಿನ ಸರಣಿ ಮುರಿಯಲಿಲ್ಲ.

ಅಭ್ಯಾಸಕ್ಕೆ ಕೈಗೆಟಕುವ ಕಡತಗಳೂ ಇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ಕ್ಷೇತ್ರಕಾರ್ಯ ನಡೆದದ್ದು 2019ರಲ್ಲಿ. ಅದರ ತೂಕದ ಕಾಲಮ್ಮನ್ನು ಹತ್ತು ಲಕ್ಷದಿಂದ ಭಾಗಿಸಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಳೆಯ ಸುತ್ತುಗಳಲ್ಲಿ ಉಪಮಾದರಿಯ ಸ್ಥಿತಿ ನೋಡಿ ಗುಣಕವನ್ನು ನೂರರಿಂದಲೋ ಇನ್ನೂರರಿಂದಲೋ ಭಾಗಿಸಬೇಕು. ಇದನ್ನು ಓದದೆ ನೇರ ಲೆಕ್ಕಕ್ಕೆ ಇಳಿದವರ ಅಂಕಿಗಳು ಆಕಾಶಕ್ಕೇರುತ್ತವೆ. ಕುಟುಂಬ ಆರೋಗ್ಯ ಸಮೀಕ್ಷೆಯ ಮಾದರಿ ಜಿಲ್ಲೆಗೆ ಸಾಲುವಂಥದ್ದು, ತಾಲ್ಲೂಕಿಗೆ ಅಲ್ಲ. ಆ ಕಡತದಿಂದ ಬೈಂದೂರಿನ ಶೇಕಡಾವಾರು ತೆಗೆದಿದ್ದೇನೆ ಎನ್ನುವ ಪ್ರಬಂಧವನ್ನು ಅಲ್ಲಿಗೇ ಮುಚ್ಚಬಹುದು.

ಹಾಗಾದರೆ ಯಾವುದನ್ನು ಆರಿಸಬೇಕು? ಸಂಗ್ರಹಕ್ಕೆ ಕೋಬೋ, ಲೆಕ್ಕಕ್ಕೆ ಆರ್ ಮತ್ತು ಸರ್ವೇ ಪ್ಯಾಕೇಜ್, ಕಣ್ಣಾಡಿಸಲು ಲಿಬ್ರೆ ಆಫೀಸ್ ಎಂಬುದು ನನ್ನ ತೀರ್ಪು. ಆರ್ ಕಲಿಯುವುದು ಕಷ್ಟ ಎಂಬ ದೂರು ನಿಜವೇ. ಮೊದಲ ಕೆಲವು ವಾರ ಅಲ್ಪವಿರಾಮ, ಆವರಣ ಚಿಹ್ನೆಗಳೊಡನೆ ಜಗಳವಾಡುವುದರಲ್ಲೇ ಕಳೆಯುತ್ತವೆ. ಕಾಲೇಜಿನಲ್ಲಿ ಕಾಂಪ್ಲೆಕ್ಸ್ ಸ್ಯಾಂಪಲ್ಸ್ ಸಹಿತ ಎಸ್‌ಪಿಎಸ್‌ಎಸ್ ಇದ್ದು, ಮಾರ್ಗದರ್ಶಕರಿಗೆ ಅದೇ ಬರುವುದಾದರೆ ಬಿಡಬೇಕಾಗಿಲ್ಲ. ಆಗಲೂ ಮೆನುವಿನಿಂದ ಮಾಡಿದ್ದನ್ನು ಪೇಸ್ಟ್ ಗುಂಡಿ ಒತ್ತಿ ಆಜ್ಞೆಗಳ ಕಡತವಾಗಿ ಉಳಿಸಿಕೊಳ್ಳಬೇಕು, ಅದನ್ನು ಪ್ರಬಂಧದ ಅನುಬಂಧದಲ್ಲಿ ಹಾಕಬೇಕು.

ಈ ಒತ್ತಾಯಕ್ಕೆ ಹತ್ತಿರದಲ್ಲೇ ಕಾರಣವಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1 ಉಲ್ಲೇಖ ದಿನವಾಗಿ ಗೊತ್ತಾಗಿದೆ. ಬೈಂದೂರು, ಬ್ರಹ್ಮಾವರಗಳು ತಾಲ್ಲೂಕುಗಳಾದ ಮೇಲೆ ನಡೆಯುವ ಮೊದಲ ಜನಗಣತಿ ಅದು. ಅದರ ಗ್ರಾಮವಾರು ಅಂಕಿಗಳು ಹೊರಬಂದ ದಿನ 2011ರ ಮೇಲೆ ಕಟ್ಟಿದ ತೂಕಗಳನ್ನೆಲ್ಲ ಮತ್ತೆ ಹಾಕಬೇಕಾಗುತ್ತದೆ. ಆಜ್ಞೆಗಳ ಕಡತ ಇಟ್ಟುಕೊಂಡವರು ಮೊತ್ತಗಳ ಕೋಷ್ಟಕವನ್ನು ಬದಲಿಸಿ ಮತ್ತೊಮ್ಮೆ ಓಡಿಸಿದರೆ ಸಾಕು. ಇಟ್ಟುಕೊಳ್ಳದವರು ಮೊದಲಿನಿಂದ ಶುರುಮಾಡಬೇಕು.